ಅಜ್ಜಿ ಮೇಲೆ ಚಾಡಿ ಹೇಳಿದ ಮಗಳಿಗೆ

ಡೊಂಬಿವಲಿ, ಭಾನುವಾರ

ಪುಟ್ಟಿ,

ಎದುರಿಗೇ ಇರುವವಳಿಗೆ ಪತ್ರ ಯಾಕೆ ಅಂತ ನಿನ್ನ ಅಮ್ಮ ಕೇಳುತ್ತಿದ್ದಾಳೆ. ಯಾಕೆಂದರೆ ನಿನಗೆ ಆಟಿಸಂ ಇದೆ, ಅಂದರೆ ಮಾತಾಡುವುದು, ಬೇರೆಯವರ ಜೊತೆ ಬೆರೆಯುವುದು ನಿನಗೆ ಬೇರೆ ದಾರಿಯಲ್ಲಿ ಬರುತ್ತದೆ. ನೀನು ಮಾತಿಗಿಂತ ಮೊದಲು ಓದು ಕಲಿತವಳು. ಬಾಯಲ್ಲಿ ಹೇಳಿದ್ದು ನಿನಗೆ ಅರ್ಧ ಮುಟ್ಟುತ್ತದೆ, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದ್ದರೆ ಅದೂ ಇಲ್ಲ. ಬರೆದದ್ದಾದರೆ ಪೂರ್ತಿ ಮುಟ್ಟುತ್ತದೆ. ಇದರಲ್ಲಿ ಕೆಲವು ವಾಕ್ಯ ಉದ್ದ ಇವೆ, ನಿನಗೆ ಹಿಡಿಸುವುದಿಲ್ಲ ಅಂತ ಗೊತ್ತು. ಅವನ್ನು ಬಿಟ್ಟು ಮುಂದೆ ಹೋಗು, ದೊಡ್ಡವಳಾದ ಮೇಲೆ ಬೇಕಾದರೆ ಓದಿಕೋ. ಕಾಗದ ನಿನ್ನ ಟೈಮ್‌ಟೇಬಲ್ ಫೈಲಿನಲ್ಲೇ ಇರುತ್ತದೆ.

ವಿಷಯ ಏನೆಂದರೆ, ನೀನು ಅಜ್ಜಿ ಮೇಲೆ ಚಾಡಿ ಹೇಳಿದ್ದು.

ಹೋಳಿ ದಿನ ಪಕ್ಕದ ಮನೆ ಕಾಕೂ ಪುರಣಪೋಳಿ, ಅಂದರೆ ನಮ್ಮ ಹೋಳಿಗೆ, ಕಳಿಸಿದ್ದರಲ್ಲ, ಅಮ್ಮ ಅದನ್ನು ಸ್ಟೀಲ್ ಡಬ್ಬಕ್ಕೆ ಹಾಕಿ ಮೇಲಿನ ಶೆಲ್ಫಿನಲ್ಲಿಟ್ಟು ತರಕಾರಿಗೆ ಹೋದಳು. ಮೇಲಿನ ಶೆಲ್ಫ್ ಯಾಕೆಂದರೆ ಅಜ್ಜಿಗೆ ಶುಗರ್. ನಾನು ಪೇಪರ್ ಹಿಡಿದು ಅರ್ಧ ನಿದ್ದೆಯಲ್ಲಿದ್ದೆ. ನೀನು ಊಟದ ಮೇಜಿನ ಕೆಳಗೆ, ನಿನ್ನ ಜಾಗದಲ್ಲಿ ಇದ್ದೆ. ಅಮ್ಮ ವಾಪಸ್ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ನೀನು ಎದ್ದು ಬಾಗಿಲಿಗೆ ಹೋದೆ. ಅವಳ ಮುಖ ನೋಡಲಿಲ್ಲ, ಕೈಚೀಲ ನೋಡುತ್ತಾ ಹೇಳಿದೆ:

"ಅಜ್ಜಿ ಪೋಳಿ ತಿಂದ್ರು. ಎರಡು. ತುಪ್ಪ ಹಾಕಿ."

ಮನೆಯಲ್ಲಿ ಯಾರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ. ಅಮ್ಮನ ಕೈಯಿಂದ ಹೀರೇಕಾಯಿ ಜಾರಿತು. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ, "ಮಗುಗೆ ಮಾತ್ ಬರ್ಲಿ ಅಂದೇಳಿ ಕೊಲ್ಲೂರಮ್ಮಂಗೆ ಹರಕೆ ಹೇಳ್ಕಂಡದ್ ನಾನ್. ಈಗ ಕಾಣ್, ನನ್ ಮೇಲೇ ಚಾಡಿ!" ಅಂದರು. ಅಂದವರು ಅಲ್ಲೇ ಸ್ಟೂಲ್ ಮೇಲೆ ಕುಳಿತು ಅಳಲು ಶುರು ಮಾಡಿದರು. ಅಮ್ಮ ನಿನ್ನ ಹತ್ತಿರ "ಇನ್ನೊಂದ್ಸಲ ಹೇಳು ಚಿನ್ನಾ" ಅಂದಳು. ನೀನು "ಹೇಳಿ ಆಯ್ತು" ಅಂದು ಮತ್ತೆ ಮೇಜಿನ ಕೆಳಗೆ ಹೋದೆ.

ಅಜ್ಜಿ ಯಾಕೆ ಅತ್ತರು ಅಂತ ನೀನು ಆಮೇಲೆ ಕೇಳಿದೆ. ಸಿಕ್ಕಿಬಿದ್ದದ್ದಕ್ಕೆ ಅಲ್ಲ. ಖುಷಿಗೆ. ದೊಡ್ಡವರು ಖುಷಿಗೂ ಅಳುತ್ತಾರೆ. ಇದು ವಿಚಿತ್ರ ಅಂತ ನೀನು ಹೇಳಿದ್ದು ಸರಿ.

ಈಗ ನಾನು ಯಾಕೆ ಇಷ್ಟು ಖುಷಿಯಾಗಿದ್ದೇನೆ ಅಂತ ಹೇಳುತ್ತೇನೆ. ನೀನು ಮಾತಾಡುವುದು ಹೊಸದಲ್ಲ. ನಾಲ್ಕೂವರೆ ವರ್ಷಕ್ಕೇ ನಿನಗೆ ಪದಗಳು ಬಂದಿದ್ದವು. ನೀರು, ಫ್ಯಾನ್, ಲೋಕಲ್, ಬೇಡ. ಆರು ವರ್ಷಕ್ಕೆ "ಅಪ್ಪಯ್ಯ, ಬಿಸ್ಕೆಟ್ ಬೇಕು" ಅಂತ ಕೇಳುತ್ತಿದ್ದೆ. ಹೆಸರೇನು ಅಂದರೆ ಹೆಸರು, ಶಾಲೆ ಯಾವುದು ಅಂದರೆ ಶಾಲೆ, ಎಲ್ಲದಕ್ಕೂ ಉತ್ತರ ಸಿಗುತ್ತಿತ್ತು. ಆದರೆ ಬೇಕಾದ್ದನ್ನು ಕೇಳುವುದು ಒಂದು, ಕೇಳಿದ್ದಕ್ಕೆ ಉತ್ತರ ಕೊಡುವುದು ಇನ್ನೊಂದು. ಯಾರೂ ಕೇಳದೆ, ಏನೂ ಬೇಕಾಗಿರದೆ, ಸುಮ್ನೆ ಒಬ್ಬರ ಹತ್ತಿರ ಹೋಗಿ ಹೀಗಾಯಿತು ಅಂತ ಹೇಳುವುದು ಮೂರನೆಯದು. ಈ ಮೂರನೆಯದು ನಿನಗೆ ಹತ್ತು ತುಂಬಿದ ಮೇಲೆ ಬಂತು, ಅದೂ ಪೋಳಿ ತುಪ್ಪದ ಲೆಕ್ಕದ ಸಮೇತ.

ಈ ವ್ಯತ್ಯಾಸ ನಾನು ಕಂಡುಹಿಡಿದದ್ದಲ್ಲ. ನಿನಗೆ ಎರಡೂವರೆ ತುಂಬುವ ಮುಂಚೆ ಡಾಕ್ಟರು ನಮ್ಮ ಕೈಗೆ ಒಂದು ಪ್ರಶ್ನೆಪಟ್ಟಿ ಕೊಟ್ಟಿದ್ದರು. ಎಂ-ಚಾಟ್ ಅಂತ ಅದರ ಹೆಸರು, ಮಗುವಿಗೆ ಆಟಿಸಂ ಇರಬಹುದಾ ಅಂತ ಮೊದಲೇ ನೋಡಲು ಇರುವುದು. 16ರಿಂದ 30 ತಿಂಗಳ ಮಕ್ಕಳಿಗೆ, 20 ಪ್ರಶ್ನೆ, ಎಲ್ಲದಕ್ಕೂ ಹೌದು ಅಥವಾ ಇಲ್ಲ. ಅದರಲ್ಲಿ ಒಂದು ಪ್ರಶ್ನೆ, ಮಗು ಬೇಕಾದ್ದನ್ನು ಕೇಳಲು ಬೆರಳು ತೋರಿಸುತ್ತದಾ ಅಂತ. ಅದರ ಮುಂದಿನದೇ, ಚೆಂದ ಕಂಡದ್ದನ್ನು ನಿಮಗೆ ತೋರಿಸಲು ಬೆರಳು ತೋರಿಸುತ್ತದಾ ಅಂತ. ಆಕಾಶದಲ್ಲಿ ವಿಮಾನ, ರಸ್ತೆಯಲ್ಲಿ ದೊಡ್ಡ ಲಾರಿ ಅಂತ ಉದಾಹರಣೆ ಕೂಡ ಕೊಟ್ಟಿದ್ದರು. ಎರಡು ಪ್ರಶ್ನೆ ಒಂದೇ ಅಲ್ವಾ, ಯಾಕೆ ಎರಡೆರಡು ಸಲ ಕೇಳಿದ್ದಾರೆ ಅಂತ ನಾನು ಅಮ್ಮನ ಹತ್ತಿರ ಹೇಳಿದ್ದು ನೆನಪಿದೆ. ಒಂದೇ ಅಲ್ಲ. ಮೊದಲನೆಯದರಲ್ಲಿ ಮಗುವಿಗೆ ಬಿಸ್ಕೆಟ್ ಬೇಕು. ಎರಡನೆಯದರಲ್ಲಿ ಅದಕ್ಕೆ ಏನೂ ಬೇಡ, ತಾನು ಕಂಡದ್ದನ್ನು ನೀನೂ ಕಾಣು ಅಷ್ಟೇ. ಹೆಚ್ಚಿನ ಮಕ್ಕಳು ಒಂದೂವರೆ ವರ್ಷದ ಹೊತ್ತಿಗೆ ಎರಡನ್ನೂ ಮಾಡುತ್ತಾರಂತೆ. ನಿನ್ನಂಥ ಮಕ್ಕಳಲ್ಲಿ ಮೊದಲನೆಯದು ಬಂದರೂ ಎರಡನೆಯದು ತಡ.

ನೀನು ಆಗ ಬೆರಳೇ ತೋರಿಸುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಫ್ರಿಜ್ಜಿನ ಹಿಡಿಕೆ ಮೇಲೆ ನನ್ನ ಕೈ ಇಡುತ್ತಿದ್ದೆ. ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಕೈ ಸಾಕಾಗಿತ್ತು. ಆಮೇಲೆ ಚಿತ್ರದ ಕಾರ್ಡು ಬಂತು. ಬೇಕಾದ್ದರ ಚಿತ್ರ ಎತ್ತಿ ಎದುರಿಗಿರುವವರ ಕೈಗೆ ಕೊಡಬೇಕು, ಆಗ ಅದು ಸಿಗುತ್ತದೆ. ಇದನ್ನು ಅಮೆರಿಕದಲ್ಲಿ 1985ರಲ್ಲಿ ಶುರು ಮಾಡಿದ್ದು ಅಂತ ಥೆರಪಿ ಟೀಚರ್ ಹೇಳಿದ್ದರು. ನೋಡಲು ತೀರಾ ಸಾದಾ ಉಪಾಯ. ಆದರೆ ಕಾರ್ಡು ಕೊಡಬೇಕಾದರೆ ಮನುಷ್ಯನ ಹತ್ತಿರ ಹೋಗಲೇಬೇಕು, ಗುಟ್ಟು ಅಲ್ಲೇ ಇರುವುದು. ನೀನು ದೋಸೆಯ ಕಾರ್ಡನ್ನು ಎಷ್ಟು ಕೊಟ್ಟೆ ಅಂದರೆ ಅದರ ಮೂಲೆ ಸವೆದು ದುಂಡಗಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಿನಗೆ ಬಾಯಿಮಾತು ಬರದೇ ಇದ್ದರೂ ಈ ಪತ್ರ ಬರೆಯುತ್ತಿದ್ದೆ. ನಿನ್ನ ಥೆರಪಿ ಕ್ಲಾಸಿನಲ್ಲಿ ಒಬ್ಬ ಅಣ್ಣ ಇದ್ದಾನಲ್ಲ, ಟ್ಯಾಬ್‌ನಲ್ಲಿ ಚಿತ್ರ ಒತ್ತಿ ಮಾತಾಡುವವನು. ಅದರಲ್ಲಿರುವುದು ಆವಾಜ್ ಅಂತ ಒಂದು ಆ್ಯಪ್, ಚೆನ್ನೈನವರು ಮಾಡಿದ್ದು. ಅವನು ಮೊನ್ನೆ ಅದರಲ್ಲೇ ಟೀಚರಿಗೆ "ಅಮ್ಮ ಕೋಪ" ಅಂತ ಒತ್ತಿ ತೋರಿಸಿದನಂತೆ. ಅದೂ ಚಾಡಿಯೇ! ಅವನ ಅಮ್ಮ ನಗುತ್ತಾ ಹೇಳುತ್ತಿದ್ದರು. ಮಾತು ಬಂತಾ ಬಂತಾ ಅಂತ ಎಲ್ಲರೂ ಕೇಳುತ್ತಾರೆ. ಹೇಳಿಕೊಳ್ಳುವುದು ಬಂತಾ ಅಂತ ಕೇಳಬೇಕು.

ನಿನ್ನ ರೈಲು ಮಾತಿನ ಕತೆ ಈಗ. ಇದನ್ನು ಬಿಟ್ಟು ಹೋಗಬೇಡ, ನಿನಗೆ ಇಷ್ಟ ಆಗುತ್ತದೆ.

ನೀನು ಐದು ವರ್ಷದವಳಿದ್ದಾಗ ಇಡೀ ದಿನ ಲೋಕಲ್ ರೈಲಿನ ಅನೌನ್ಸ್‌ಮೆಂಟ್ ಹೇಳುತ್ತಿದ್ದೆ. ಮರಾಠಿ, ಹಿಂದಿ, ಇಂಗ್ಲಿಷ್, ಮೂರೂ ಅದೇ ಕ್ರಮದಲ್ಲಿ, ಆ ಹೆಂಗಸಿನ ದನಿಯಲ್ಲೇ. "ಪುಢೀಲ ಸ್ಟೇಶನ್ ದಾದರ್," ಅಂದರೆ ಮರಾಠಿಯಲ್ಲಿ ಮುಂದಿನ ಸ್ಟೇಷನ್ ದಾದರ್. ಸ್ನಾನ ಮಾಡಿಸುವಾಗ ಪುಢೀಲ ಸ್ಟೇಶನ್, ಊಟಕ್ಕೆ ಕೂತಾಗ ಪುಢೀಲ ಸ್ಟೇಶನ್. ನೆಂಟರು ನಗುತ್ತಿದ್ದರು. ಕೆಲವರು ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ಗಿಳಿಪಾಠ ಆಗಿಬಿಡುತ್ತದೆ ಅಂತ ಎಚ್ಚರಿಸುತ್ತಿದ್ದರು. ಹಿಂದೆ ಮಾತಿನ ತಜ್ಞರೂ ಹಾಗೇ ತಿಳಿದುಕೊಂಡಿದ್ದರಂತೆ, ಇದು ಅರ್ಥ ಇಲ್ಲದ ಪ್ರತಿಧ್ವನಿ, ಬಿಡಿಸಬೇಕಾದ ಅಭ್ಯಾಸ ಅಂತ. 1980ರ ದಶಕದಲ್ಲಿ ಅಮೆರಿಕದ ಮಾತಿನ ತಜ್ಞ ಬ್ಯಾರಿ ಪ್ರಿಜಾಂಟ್ ಅನ್ನುವವರು ಮತ್ತು ಅವರ ಜೊತೆಯವರು ಇಂಥ ಮಕ್ಕಳ ಮಾತನ್ನು ಕೂತು ಕೇಳಿದರು. ಎಲ್ಲಿ, ಯಾವಾಗ, ಯಾರ ಎದುರು ಹೇಳುತ್ತವೆ ಅಂತ ಗಮನಿಸಿದರು. ಆ ಮಾತುಗಳಿಗೆ ಕೆಲಸ ಇದೆ, ಮಗು ಅದರಲ್ಲಿ ಏನೋ ಹೇಳುತ್ತಿದೆ ಅಂತ ತೋರಿಸಿದರು. ನಿನ್ನ ಸ್ಪೀಚ್ ಟೀಚರ್ ಆ ಕಡೆಯವರು. "ನಿಲ್ಲಿಸಬೇಡಿ, ಯಾವ ಜಾಗದಲ್ಲಿ ಹೇಳ್ತಾಳೆ ಬರ್ಕೊಳ್ಳಿ" ಅಂದರು. ನಾನು ಲೆಕ್ಕ ಬರೆಯುವವನು, ಬರೆದುಕೊಳ್ಳುವುದು ನನಗೆ ಕಷ್ಟ ಅಲ್ಲ. ಹಳೇ ಕ್ಯಾಶ್‌ಬುಕ್‌ನಲ್ಲಿ ಬರೆಯುತ್ತಾ ಹೋದೆ.

ಅದರಿಂದ ಗೊತ್ತಾಯಿತು. ಇನ್ನೇನು ಬರುತ್ತದೆ ಅಂತ ನಿನಗೆ ಗೊತ್ತಿಲ್ಲದಾಗ "ಪುಢೀಲ ಸ್ಟೇಶನ್" ಬರುತ್ತಿತ್ತು. ಸ್ನಾನ ಆದ ಮೇಲೆ ಏನು? ಊಟ ಆದ ಮೇಲೆ ಏನು? ನೀನು ಪ್ರಶ್ನೆ ಕೇಳುತ್ತಿದ್ದೆ, ಮಾರಾಯ್ತಿ! ಅವತ್ತಿನಿಂದ ನೀನು ಪುಢೀಲ ಸ್ಟೇಶನ್ ಅಂದರೆ ನಾವು "ಪುಢೀಲ ಸ್ಟೇಶನ್ ಮಲಗುವುದು" ಅಂತಲೋ "ಪುಢೀಲ ಸ್ಟೇಶನ್ ಅಂಗಡಿ" ಅಂತಲೋ ಉತ್ತರ ಕೊಡಲು ಶುರು ಮಾಡಿದೆವು. ಮನೆಯಲ್ಲಿ ಗಲಾಟೆ ಎಷ್ಟು ಕಡಿಮೆಯಾಯಿತು ಅಂತ ಕೆಳಗಿನ ಮನೆಯವರನ್ನು ಕೇಳಬೇಕು.

ಮಾಟುಂಗಾದಲ್ಲಿ ನಮ್ಮೂರ ಕಡೆಯವರ ಮದುವೆಗೆ ಹೋಗಿದ್ದೆವು. ತಾಳಿ ಕಟ್ಟುವ ಹೊತ್ತಿಗೆ ವಾದ್ಯ ಜೋರಾಯಿತು, ಫೋಟೋದವರ ಬೆಳಕು, ಜನ ಎಲ್ಲ ಎದ್ದು ನಿಂತರು. ನೀನು ಕಿವಿ ಮುಚ್ಚಿಕೊಂಡು ಹೇಳಿದೆ, "ಪುಢೀಲ ಸ್ಟೇಶನ್ ಡೊಂಬಿವಲಿ." ಮಾಟುಂಗಾದಿಂದ ಮುಂದಿನ ಸ್ಟೇಷನ್ ಡೊಂಬಿವಲಿ ಅಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಸಾಯನ್, ಕುರ್ಲಾ, ವಿದ್ಯಾವಿಹಾರ್ ಅಂತ ನಿದ್ದೆಯಲ್ಲೂ ಹೇಳುವವಳು ನೀನು. ಮನೆಗೆ ಹೋಗೋಣ ಅಂತ ನೀನು ಹೇಳಿದ್ದು. ಊಟ ಮಾಡದೆ ಹೊರಟೆವು. ಅಷ್ಟು ದೂರ ಹೋಗಿ ಹೋಳಿಗೆ ಬಿಟ್ಟು ಬಂದದ್ದಕ್ಕೆ ಅಜ್ಜಿಗೆ ಮಾತ್ರ ಬೇಜಾರಾಯಿತು. ಈಗ ಅರ್ಥ ಆಗುತ್ತಿದೆ, ಅವರ ಆಸೆ ಹಳೆಯದು.

ನೀರು ಬೇಕಾದಾಗ ನೀನು "ನಿಂಗೆ ನೀರು ಬೇಕಾ?" ಅನ್ನುತ್ತಿದ್ದುದೂ ಹಾಗೇ. ನಾವು ಕೇಳುವ ಪ್ರಶ್ನೆಯನ್ನೇ ನಮಗೆ ವಾಪಸ್ ಕೊಡುತ್ತಿದ್ದೆ. ಇದು ನಿನ್ನೊಬ್ಬಳದಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನುವ ಡಾಕ್ಟರು 11 ಮಕ್ಕಳ ಬಗ್ಗೆ ಬರೆದರು, ಆಟಿಸಂ ಬಗ್ಗೆ ಓದುವವರೆಲ್ಲ ಅಲ್ಲಿಂದ ಶುರು ಮಾಡುತ್ತಾರೆ. ಆ ಮಕ್ಕಳೂ ಕೇಳಿದ ಮಾತನ್ನೇ ಹೇಳುತ್ತಿದ್ದರು, ನಾನು ಅನ್ನಬೇಕಾದಲ್ಲಿ ನೀನು ಅನ್ನುತ್ತಿದ್ದರು. ಅದನ್ನು ಓದಿ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ. ಅಷ್ಟು ಹಿಂದೆ, ಅಷ್ಟು ದೂರದಲ್ಲಿ, ನಿನ್ನ ಹಾಗೇ ಮಾತಾಡುವವರಿದ್ದರು.

ಅದೇ ಕ್ಯಾನರ್ ಆ ಮಕ್ಕಳ ಅಪ್ಪ ಅಮ್ಮ ತಣ್ಣಗಿನ ಸ್ವಭಾವದವರು ಅಂತಲೂ ಬರೆದಿದ್ದರು. ಆಮೇಲೆ ಬ್ರೂನೋ ಬೆಟಲ್‌ಹೈಮ್ ಅನ್ನುವವರು ಅದನ್ನೇ ದೊಡ್ಡದು ಮಾಡಿ ತಾಯಂದಿರ ತಲೆಗೆ ಕಟ್ಟಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಅದು ಸುಳ್ಳು, ಇದು ಹುಟ್ಟಿನಿಂದ ಮೆದುಳಿನದು ಅಂತ ವಾದ ಮಾಡಿದರು. ಅವರು ಇಂಥದೇ ಮಗನ ಅಪ್ಪ. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿನ್ನ ಅಮ್ಮ ಠಾಣೆಯ ಬ್ಯಾಂಕ್ ಕೆಲಸ ಬಿಡದೇ ಇದ್ದದ್ದಕ್ಕೆ ಹೀಗಾಯಿತು ಅಂತ ಊರಲ್ಲಿ ಹೇಳಿದವರಿದ್ದಾರೆ. ಟಿವಿಯಿಂದ ಅಂದರು, ಮುಂಬೈಯ ಚಿಕ್ಕ ಮನೆಯಿಂದ ಅಂದರು, ಲಸಿಕೆಯಿಂದ ಅಂದರು. ಲಸಿಕೆ ಮಾತಿಗೆ ಬುಡವೇ ಇಲ್ಲ. ಅದನ್ನು ಹುಟ್ಟುಹಾಕಿದ 1998ರ ಲೇಖನವನ್ನು ಅಚ್ಚು ಮಾಡಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಯಾರಾದರೂ ಮುಂದೆ ನಿನಗೆ ಅಮ್ಮನ ಬಗ್ಗೆ ಇಂಥದ್ದು ಹೇಳಿದರೆ, ನನಗೆ ಬಂದು ಚಾಡಿ ಹೇಳು. ಹೆಸರಿನ ಸಮೇತ.

ಇನ್ನೊಂದು ಸಲಹೆ ಎಲ್ಲರಿಂದಲೂ ಬರುತ್ತಿತ್ತು. ಮನೆಯಲ್ಲಿ ಕನ್ನಡ, ಕಟ್ಟಡದಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಮಗು ಗೊಂದಲ ಆಗದೆ ಏನಾಗುತ್ತದೆ, ಒಂದೇ ಭಾಷೆ ಇಟ್ಟುಕೊಳ್ಳಿ, ಕನ್ನಡ ಬಿಡಿ ಅಂತ. ಓದಿದವರೂ ಹೇಳಿದರು. ನಾವು ಒಂದು ವಾರ ಒದ್ದಾಡಿದೆವು. ಅಜ್ಜಿಗೆ ಕುಂದಾಪುರದ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನೀನು ಅವರ ಜೊತೆಗೇ ಇಡೀ ದಿನ ಇರುವವಳು. ನಿನ್ನ ಸ್ಪೀಚ್ ಟೀಚರೇ ಸಮಾಧಾನ ಮಾಡಿದರು, ಎರಡು ಭಾಷೆ ಕೇಳುವ ಆಟಿಸಂ ಮಕ್ಕಳಿಗೆ ಅದರಿಂದ ಮಾತು ಇನ್ನೂ ತಡ ಆಗುತ್ತದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ, ಮನೆಯವರಿಗೆ ಸಲೀಸಾದ ಭಾಷೆಯನ್ನೇ ಆಡಿ ಅಂತ. ಅಜ್ಜಿ ಓದಿ ಬಿಟ್ಟ 'ಕರ್ನಾಟಕ ಮಲ್ಲ' ಪೇಪರಿನಲ್ಲೇ ನೀನು ಕನ್ನಡ ಅಕ್ಷರ ಕಲಿತದ್ದು. ಆ ವಾರ ನಾವು ಬೇರೆ ದಾರಿ ಹಿಡಿದಿದ್ದರೆ ಪೋಳಿ ವಿಷಯ ಅಮ್ಮನಿಗೆ ಯಾವ ಭಾಷೆಯಲ್ಲಿ ಹೇಳುತ್ತಿದ್ದೆಯೋ.

ಚಾಡಿ ಹೇಳಲು ಏನೇನು ಬೇಕು ಅಂತ ನಾನು ಆಫೀಸಿಗೆ ಹೋಗುವಾಗ ಲೋಕಲ್‌ನಲ್ಲಿ ನಿಂತು ಯೋಚಿಸಿದೆ. ಕೂರಲು ಜಾಗ ಸಿಗದಿದ್ದರೆ ಯೋಚನೆ ಚೆನ್ನಾಗಿ ಬರುತ್ತದೆ. ಮೊದಲನೆಯದಾಗಿ ನಡೆದದ್ದನ್ನು ನೆನಪಿಟ್ಟು ಆಮೇಲೆ ಹೇಳಬೇಕು, ಎದುರಿಗೆ ಕಾಣುವುದನ್ನಲ್ಲ. ಅಜ್ಜಿ ಹಾಗೆ ಮಾಡಬಾರದಿತ್ತು ಅಂತ ಗೊತ್ತಿರಬೇಕು. ಎಲ್ಲಕ್ಕಿಂತ ದೊಡ್ಡದು, ಇದು ನನಗೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ, ಗೊತ್ತಾದರೆ ಅವಳಿಗೆ ಏನೋ ಅನಿಸುತ್ತದೆ ಅಂತ ಹೊಳೆಯಬೇಕು. 1985ರಲ್ಲಿ ಲಂಡನ್‌ನಲ್ಲಿ ಮೂವರು ಸಂಶೋಧಕರು ಎರಡು ಬೊಂಬೆ ಇಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿದ್ದರು. ಸ್ಯಾಲಿ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತಾಳೆ, ಆ್ಯನ್ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ, ಸ್ಯಾಲಿ ವಾಪಸ್ ಬಂದು ಎಲ್ಲಿ ಹುಡುಕುತ್ತಾಳೆ? ಜಾಗ ಬದಲಾದದ್ದು ಅವಳಿಗೆ ಗೊತ್ತಿಲ್ಲ, ಹಾಗಾಗಿ ಬುಟ್ಟಿ ಅನ್ನುವುದೇ ಸರಿ ಉತ್ತರ. ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ಪೆಟ್ಟಿಗೆ ಅಂದರು. ಅಲ್ಲಿಂದ ಮುಂದೆ, ಈ ಮಕ್ಕಳಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಅನ್ನುವ ಮಾತು ಎಲ್ಲ ಕಡೆ ಹಬ್ಬಿತು. ಸರಿ ಹೇಳಿದ ಆ ನಾಲ್ಕು ಮಕ್ಕಳ ಬಗ್ಗೆ ನನಗೆ ಕುತೂಹಲ. ಅವರು ಮನೆಗೆ ಹೋಗಿ ಯಾರ ಮೇಲೆ ಚಾಡಿ ಹೇಳಿದರೋ.

2012ರಲ್ಲಿ ಡೇಮಿಯನ್ ಮಿಲ್ಟನ್ ಅನ್ನುವವರು ಇದಕ್ಕೆ ಎದುರು ಮಾತು ಬರೆದರು. ಅವರೂ ಆಟಿಸ್ಟಿಕ್. ಅರ್ಥ ಆಗದಿರುವುದು ಎರಡೂ ಕಡೆ ಇದೆ, ನಿಮ್ಮನ್ನು ನಮಗೆ ತಿಳಿಯುವುದು ಎಷ್ಟು ಕಷ್ಟವೋ ನಮ್ಮನ್ನು ನಿಮಗೆ ತಿಳಿಯುವುದೂ ಅಷ್ಟೇ ಕಷ್ಟ, ತಪ್ಪನ್ನು ಒಂದು ಕಡೆಗೇ ಯಾಕೆ ಹಾಕುತ್ತೀರಿ ಅಂತ. ನನ್ನ ಓಟು ಅವರಿಗೆ. ಪುಢೀಲ ಸ್ಟೇಶನ್ ಅಂದರೆ ಏನು ಅಂತ ಕೇಳುವ ಪರೀಕ್ಷೆ ಇಟ್ಟಿದ್ದರೆ ನಮ್ಮ ನೆಂಟರಲ್ಲಿ ಎಷ್ಟು ಜನ ಪಾಸಾಗುತ್ತಿದ್ದರು?

ಆಫೀಸಿನಲ್ಲಿ ಖುಷಿ ತಡೆಯಲಾರದೆ "ನನ್ನ ಮಗಳು ಅಜ್ಜಿ ಮೇಲೆ ಚಾಡಿ ಹೇಳಿದಳು" ಅಂತ ಹೇಳಿ ಎಲ್ಲರಿಗೂ ಪೇಢಾ ಹಂಚಿದೆ. ಮಗನಿಗೆ 90 ಪರ್ಸೆಂಟ್ ಬಂದದ್ದಕ್ಕೆ ಬೇಜಾರು ಮಾಡಿಕೊಂಡು ಕೂತಿದ್ದ ಸಹೋದ್ಯೋಗಿಯೊಬ್ಬರು ನನ್ನ ಮುಖವನ್ನೇ ನೋಡುತ್ತಿದ್ದರು. ವಿವರಿಸಲು ಹೋಗಲಿಲ್ಲ. ಪೇಢಾ ಎರಡು ತೆಗೆದುಕೊಂಡರು.

ಈಗ ಒಂದು ಗಂಭೀರ ವಿಷಯ. ಇದನ್ನು ಬೇಕಾದರೆ ಆಮೇಲೆ ಓದು.

ನೀನು ಏಳು ವರ್ಷದವಳಿದ್ದಾಗ ಒಂದು ದಿನ ಶಾಲೆಯಿಂದ ಬಂದವಳ ತೋಳಿನ ಮೇಲೆ ನೀಲಿ ಗುರುತು ಇತ್ತು. ಅಮ್ಮ ಕೇಳಿದಳು, ನಾನು ಕೇಳಿದೆ. ನೀನು ಸ್ಟೇಷನ್ ಹೆಸರು ಹೇಳುತ್ತಾ ಕೂತೆ. ಮರುದಿನ ಶಾಲೆಗೆ ಹೋಗಿ ವಿಚಾರಿಸಿದೆವು. ಮಕ್ಕಳು ಎಲ್ಲೋ ಬಿದ್ದಿರಬೇಕು ಅಂದರು. ಇರಬಹುದು, ಇಲ್ಲದಿರಬಹುದು, ಇವತ್ತಿಗೂ ನಮಗೆ ಗೊತ್ತಿಲ್ಲ. ಆ ವರ್ಷದ ಕೊನೆಗೆ ಅವರೇ ಬೇರೆ ಶಾಲೆ ನೋಡಿಕೊಳ್ಳಿ ಅಂದರು. ಅದು ಒಳ್ಳೆಯದೇ ಆಯಿತು, ಆದರೆ ಆ ನೀಲಿ ಗುರುತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಮಗು ತನಗೆ ಏನಾಯಿತು ಅಂತ ಹೇಳಲಾರದು ಅಂತ ಗೊತ್ತಿರುವವರು ಏನು ಬೇಕಾದರೂ ಮಾಡಬಹುದು. ನಿನ್ನಂಥ ಮಕ್ಕಳ ಅಪ್ಪ ಅಮ್ಮಂದಿರು ರಾತ್ರಿ ಎದ್ದು ಕೂರುವುದು ಹೆಚ್ಚಾಗಿ ಇದಕ್ಕೇ. ಓದು, ಕೆಲಸ, ಮದುವೆ, ಅವೆಲ್ಲ ಆಮೇಲಿನ ಚಿಂತೆ.

ಹೋಳಿ ಆಗಿ ಸ್ವಲ್ಪ ದಿನಕ್ಕೆ ನೀನು ಸಂಜೆ ಬ್ಯಾಗು ಇಟ್ಟು, "ಬಸ್ಸಲ್ಲಿ ಹಿಂದಿನ ಸೀಟಿನವನು ಚಿವುಟಿದ. ಕಪ್ಪು ವಾಚು. ನಂಗೆ ನೋವಾಯ್ತು" ಅಂದೆ. ನೀನು ಹೇಳಿದೆ, ಅಮ್ಮ ಫೋನ್ ಮಾಡಿದಳು, ಮರುದಿನ ಸೀಟು ಬದಲಾಯಿತು, ಆ ಹುಡುಗನಿಗೆ ಅವನ ಮನೆಯವರು ಬುದ್ಧಿ ಹೇಳಿದರು. ಬೇರೆ ಮನೆಯಲ್ಲಿ ಇದು ಐದು ನಿಮಿಷದ ವಿಷಯ. ನಮ್ಮ ಮನೆಯಲ್ಲಿ ಅಮ್ಮ ರಾತ್ರಿ ಪಾಯಸ ಮಾಡಿದಳು. ನೀನು ಪಾಯಸ ತಿನ್ನುವುದಿಲ್ಲ, ಹಾಗಾಗಿ ನಿನಗೆ ಅಂತ ದೋಸೆ. "ನಂಗೆ ನೋವಾಯ್ತು" ಅಂದದ್ದನ್ನು ಗಮನಿಸಿದೆಯಾ? ನಿಂಗೆ ಅಲ್ಲ, ನಂಗೆ.

ಅಲ್ಲಿಂದ ನಿನ್ನ ವರದಿಗಳು ನಿಂತಿಲ್ಲ. ವಾಚ್‌ಮನ್ ಅಂಕಲ್ ಕುರ್ಚಿಯಲ್ಲೇ ಮಲಗುತ್ತಾರೆ. ಎರಡನೇ ಮಹಡಿಯ ಬಲ್ಬು ಹೋಗಿದೆ. ಅಪ್ಪಯ್ಯ ಸ್ನಾನಕ್ಕೆ ಹೋಗುತ್ತೇನೆ ಅಂದು ಫೋನ್ ನೋಡುತ್ತಾರೆ. ಕಾಕೂಗೆ ನೀನೇ ಹೋಗಿ "ಪೋಳಿ ಅಂಚು ಗಟ್ಟಿ ಇತ್ತು" ಅಂತ ಮರಾಠಿಯಲ್ಲಿ ಹೇಳಿಬಂದೆ, ಅವರು ನಕ್ಕರು, ಅಮ್ಮ ನಾಚಿಕೆಯಿಂದ ಒಳಗೆ ಹೋದಳು. ಎಲ್ಲವನ್ನೂ ಎಲ್ಲರಿಗೂ ಹೇಳಬಾರದು ಅನ್ನುವ ಪಾಠ ಇನ್ನು ಶುರು ಮಾಡಬೇಕಂತೆ. ಟೀಚರ್ ಹೇಳಿದರು. ನಿಧಾನಕ್ಕೆ ಮಾಡೋಣ, ನನಗೇನೂ ಅವಸರ ಇಲ್ಲ.

ಕಷ್ಟ ಎಲ್ಲ ಮುಗಿಯಿತು ಅಂತ ನಾನು ಹೇಳುತ್ತಿಲ್ಲ. ಕೂದಲು ಕತ್ತರಿಸುವುದು ಈಗಲೂ ಯುದ್ಧವೇ. ಗುಡಿ ಪಾಡ್ವಕ್ಕೆ ಫಡ್ಕೆ ರೋಡಿನಲ್ಲಿ ಮೆರವಣಿಗೆ ಬಂದಾಗ ಢೋಲು ತಾಶೆಯ ಸದ್ದಿಗೆ ನೀನು ಕಿವಿಯ ಮೇಲೆ ಹೆಡ್‌ಫೋನ್ ಹಾಕಿ ಅದರ ಮೇಲೆ ದಿಂಬು ಒತ್ತಿಕೊಂಡಿದ್ದೆ. ಯಕ್ಷಗಾನದ ಚೆಂಡೆಗೆ ಮಾತ್ರ ಎದುರಿನ ಸಾಲಿನಲ್ಲೇ ಕೂರುತ್ತೀಯ. ಅದೇನು ಕಡಿಮೆ ಸದ್ದಾ? ಯಾಕೆ ಹೀಗೆ ಅಂತ ಕೇಳಿದ್ದಕ್ಕೆ "ಚೆಂಡೆ ಯಾವಾಗ ಬರುತ್ತೆ ಗೊತ್ತು" ಅಂದೆ. ಅದನ್ನೂ ನೀನೇ ಹೇಳಿದ್ದು, ಹೇಳದಿದ್ದರೆ ನಮಗೆ ಎಲ್ಲಿ ತಿಳಿಯುತ್ತಿತ್ತು.

ಇನ್ನು ಊರಿನ ವಿಷಯ. ಅಜ್ಜಿ ಹರಕೆ ತೀರಿಸಲೇಬೇಕು ಅಂತ ಹಟ ಹಿಡಿದಿದ್ದಾರೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲಿಗೆ ಟಿಕೆಟ್ ಆಗಿದೆ. ಠಾಣೆಯಲ್ಲಿ ಹತ್ತುವುದು, ಮರುದಿನ ಬೆಳಿಗ್ಗೆ ಕುಂದಾಪುರದಲ್ಲಿ ಇಳಿಯುವುದು. ಕೊಲ್ಲೂರಿಗೆ ಹತ್ತಿರದ ಸ್ಟೇಷನ್ ಮೂಕಾಂಬಿಕಾ ರೋಡ್ ಬೈಂದೂರು ಅಂತ ನೀನು ಹೇಳುತ್ತೀಯ, ಗೊತ್ತು, ಆದರೆ ಮೊದಲು ಅತ್ತೆ ಮನೆಗೆ ಹೋಗಬೇಕು. ರತ್ನಾಗಿರಿ ಹತ್ತಿರ ಕರ್ಬುಡೆ ಸುರಂಗ ಬರುತ್ತದೆ, ಆರೂವರೆ ಕಿಲೋಮೀಟರ್, ಅಲ್ಲಿ ಸದ್ದು ಜಾಸ್ತಿ. ಹೆಡ್‌ಫೋನ್ ನನ್ನ ಚೀಲದ ಹೊರ ಜೇಬಿನಲ್ಲಿರುತ್ತದೆ. ಅತ್ತೆ ಮನೆಯಲ್ಲಿ ತುಂಬಾ ಜನ ಇರುತ್ತಾರೆ. ಯಾರಾದರೂ ಕೆನ್ನೆ ಹಿಂಡಲು ಬಂದರೆ ಬೇಡ ಅನ್ನು. ಅವರಿಗೆ ಬೇಜಾರಾದರೆ ನಾನು ನೋಡಿಕೊಳ್ಳುತ್ತೇನೆ. ಬಾವಿಕಟ್ಟೆ ಪಕ್ಕದ ಕೋಣೆ ನಿನಗೆ ಅಂತ ಖಾಲಿ ಇಡಲು ಹೇಳಿದ್ದೇನೆ.

ಕೊಲ್ಲೂರಿನಲ್ಲಿ ಅಜ್ಜಿ ಹೇಳಿಕೊಂಡಿರುವುದು ಬೆಲ್ಲದ ತುಲಾಭಾರ. ಅಂದರೆ ದೊಡ್ಡ ತಕ್ಕಡಿ ಇರುತ್ತದೆ. ಒಂದು ತಟ್ಟೆಯಲ್ಲಿ ನೀನು ಕೂರಬೇಕು, ಇನ್ನೊಂದರಲ್ಲಿ ನಿನ್ನ ತೂಕದಷ್ಟು ಬೆಲ್ಲ ಇಡುತ್ತಾರೆ. ತಟ್ಟೆ ಅಲುಗಾಡುತ್ತದೆ, ಕಾಲು ನೆಲಕ್ಕೆ ತಾಗುವುದಿಲ್ಲ. ಹತ್ತಿರದಲ್ಲಿ ಗಂಟೆ ಬಾರಿಸಬಹುದು, ಜನ ನಿಂತು ನೋಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ. ನಿನಗೆ ಬೇಕಾ ಬೇಡವಾ ಹೇಳು. ಬೇಡ ಅಂದರೆ ಬೇಡ, ಬೆಲ್ಲವನ್ನು ಹಾಗೇ ಕೊಟ್ಟು ಬರೋಣ. ಅಜ್ಜಿಗೆ ನಾನು ಹೇಳುತ್ತೇನೆ, ದೇವಿಗೆ ಅಜ್ಜಿ ಹೇಳುತ್ತಾರೆ. ಉತ್ತರವನ್ನು ಈ ಕಾಗದದ ಹಿಂದೆ ಬರಿ, ಇಲ್ಲ ಬಾಯಲ್ಲೇ ಹೇಳು. ಶನಿವಾರದೊಳಗೆ ಹೇಳಿದರೆ ಒಳ್ಳೆಯದು. ಅತ್ತೆ ಬೆಲ್ಲ ಎಷ್ಟು ಕೇಜಿ ಬೇಕು ಅಂತ ದಿನಾ ಫೋನ್ ಮಾಡುತ್ತಿದ್ದಾಳೆ. ಮತ್ತೆ, ಬೆಲ್ಲದ ಡಬ್ಬ ಅಜ್ಜಿ ಕೈಗೆ ಸಿಗದ ಹಾಗೆ ನೋಡಿಕೊಳ್ಳುವ ಕೆಲಸ ನಿನ್ನದು.

ನಿನ್ನ
ಅಪ್ಪಯ್ಯ